ಸಣ್ಣ ವಿಮಾನಕ್ಕೆ ಮೊಬೈಲ್ ಮ್ಯಾಪ್ ಸಾಕೇ? ರೇಡಿಯೋ ರಿಸೀವರ್ ಇನ್ನೂ ಏಕೆ ಬೇಕು, ಅದನ್ನು ಎಷ್ಟು ನಂಬಬೇಕು?

ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ವಿಮಾನದ ಸದ್ದು ಹೊಸದಲ್ಲ. ಪೂರ್ವಕ್ಕೆ ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಮುಂದೆ ಯುದ್ಧ ವಿಮಾನ ಹಾರಿಸುವವರು ಅಲ್ಲಿ ಹಾಕ್ ಜೆಟ್‌ಗಳಲ್ಲಿ ಕಲಿಯುತ್ತಾರೆ. ದಕ್ಷಿಣಕ್ಕೆ 2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ವಿಮಾನ ನಿಲ್ದಾಣವಿದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಪೈಲಟ್ ತರಬೇತಿ ಶಾಲೆಗಳಿಗಾಗಿ ದೇಶದ ಐದು ನಿಲ್ದಾಣಗಳನ್ನು ಆರಿಸಿತು. ಅದರಲ್ಲಿ ಎರಡು ಕರ್ನಾಟಕದವು: ಬೆಳಗಾವಿ ಮತ್ತು ಕಲಬುರಗಿ. ಒಂದೇ ಎಂಜಿನ್, ಮುಂದೆ ಒಂದು ಫ್ಯಾನು, ಇಬ್ಬರೋ ನಾಲ್ವರೋ ಕೂರುವ ಪುಟ್ಟ ವಿಮಾನಗಳಲ್ಲಿ ನಮ್ಮ ಭಾಗದ ಹುಡುಗ ಹುಡುಗಿಯರೂ ಈಗ ಹಾರಲು ಕಲಿಯಬಹುದು.

ಈ ಸಣ್ಣ ವಿಮಾನಗಳ ಬಗ್ಗೆ ಮೊಬೈಲ್‌ನಲ್ಲಿ ಹಲವು ಮಾತುಗಳು ಓಡಾಡುತ್ತವೆ. "ಈಗೆಲ್ಲ ಜಿಪಿಎಸ್ ಇದೆ, ವಿಮಾನದೊಳಗಿನ ರೇಡಿಯೋ ಡಬ್ಬಿಗಳು ಹಳೇ ಕಾಲದ ಗುಜರಿ" ಎಂಬುದು ಒಂದು. "ಸೂಜಿ ನಡುವೆ ನಿಂತಿದ್ದರೆ ದಾರಿ ಸರಿಯಾಗಿದೆ ಎಂದರ್ಥ" ಎಂಬುದು ಇನ್ನೊಂದು. "ರೇಡಿಯೋ ಬರೀ ಕೇಳಿಸಿಕೊಳ್ಳುತ್ತದೆ, ಅದನ್ನು ವಿಮಾನದಲ್ಲಿ ಹಚ್ಚಿದರೆ ಏನೂ ಆಗುವುದಿಲ್ಲ" ಎಂಬುದು ಮತ್ತೊಂದು. ಮೂರೂ ತಪ್ಪು. ಏಕೆ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ

- ದಾರಿ ತೋರುವ ರೇಡಿಯೋ ರಿಸೀವರ್ ಇಂದಿಗೂ ಬೇಕು. ಜಿಪಿಎಸ್ ಕೈಕೊಟ್ಟಾಗ ಅದೇ ಆಸರೆ.
- ಸೂಜಿ ಏನನ್ನೋ ತೋರಿಸುತ್ತಿದೆ ಎಂದ ಮಾತ್ರಕ್ಕೆ ಅದು ಸರಿಯಲ್ಲ. ಯಾವ ಕೇಂದ್ರದ ಸಂಕೇತ ಬರುತ್ತಿದೆ ಎಂದು ಕಿವಿಯಿಂದ ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಪೈಲಟ್ ಅದನ್ನು ನಂಬಬೇಕು.
- ಒಂದೇ ಉಪಕರಣವನ್ನು ಎಂದೂ ನಂಬಬಾರದು. ಇನ್ನೊಂದು ಸಾಕ್ಷಿ ಬೇಕೇ ಬೇಕು.

ರೇಡಿಯೋ ದಾರಿ ತೋರಿಸುವುದು ಹೇಗೆ?

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಮೀಡಿಯಂ ವೇವ್‌ಗೆ ಹಾಕಿ ಆಕಾಶವಾಣಿ ಹಿಡಿಯಿರಿ. ಕಲಬುರಗಿ ಕೇಂದ್ರ 1107 ಕಿಲೋಹರ್ಟ್ಸ್, ಧಾರವಾಡ 765 ಎಂದು ಹಿರಿಯರಿಗೆ ನೆನಪಿರುತ್ತದೆ. ಈಗ ರೇಡಿಯೋವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ತಿರುಗಿಸಿ. ಒಂದು ದಿಕ್ಕಿನಲ್ಲಿ ಸದ್ದು ಜೋರಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕುಗ್ಗುತ್ತದೆ. ಒಳಗೆ ಫೆರೈಟ್ ಕಡ್ಡಿಗೆ ಸುತ್ತಿದ ತಂತಿ ಇದೆ. ಆ ಕಡ್ಡಿಯ ತುದಿ ಪ್ರಸಾರ ಗೋಪುರದ ಕಡೆಗೆ ನೇರವಾದಾಗ ಸದ್ದು ಅತಿ ಕಡಿಮೆ. ಅಂದರೆ ಸದ್ದು ಸತ್ತ ದಿಕ್ಕು ನೋಡಿ ಗೋಪುರ ಯಾವ ಗೆರೆಯ ಮೇಲಿದೆ ಎಂದು ಹೇಳಬಹುದು.

ವಿಮಾನದ ಎಡಿಎಫ್ ಎಂಬ ಉಪಕರಣ ಮಾಡುವುದು ಇದನ್ನೇ, ತಾನಾಗಿಯೇ. ನೆಲದ ಮೇಲಿನ ಸಣ್ಣ ಪ್ರಸಾರ ಕೇಂದ್ರವೊಂದರ ಕಡೆಗೆ ಅದರ ಸೂಜಿ ತಿರುಗುತ್ತದೆ. ಹಿಂದೆ ಪೈಲಟ್‌ಗಳು ಆಕಾಶವಾಣಿಯಂಥ ಮಾಮೂಲಿ ರೇಡಿಯೋ ಕೇಂದ್ರಗಳನ್ನೂ ಹೀಗೆ ದಿಕ್ಸೂಚಿಯಂತೆ ಬಳಸಿದ್ದುಂಟು.

ಎರಡನೆಯದು ವಿಓಆರ್. ಇದು ಇನ್ನೂ ನಿಖರ. ಒಂದು ಕಲ್ಪನೆ ಮಾಡಿಕೊಳ್ಳಿ. ಬಸವಕಲ್ಯಾಣದ ಕೋಟೆಯ ಬುರುಜಿನ ಮೇಲೆ ಸುತ್ತುವ ದೀಪವೊಂದನ್ನು ಇಟ್ಟಿದ್ದಾರೆ. ಅದು ಗಡಿಯಾರದ ಮುಳ್ಳಿನಂತೆ 36 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ದೀಪ ಉತ್ತರಕ್ಕೆ ಬಂದ ಕ್ಷಣದಲ್ಲಿ ಎಲ್ಲ ದಿಕ್ಕಿಗೂ ಕಾಣುವಂತೆ ಒಂದು ಮಿಂಚು ಹೊಡೆಯುತ್ತದೆ. ನೀವು ಕತ್ತಲಲ್ಲಿ ದೂರದ ಹೊಲದಲ್ಲಿ ನಿಂತಿದ್ದೀರಿ. ಮಿಂಚು ಕಂಡ 9 ಸೆಕೆಂಡಿಗೆ ದೀಪದ ಬೆಳಕು ನಿಮ್ಮ ಮುಖಕ್ಕೆ ಬಿತ್ತು ಎಂದರೆ ನೀವು ಕೋಟೆಯ ಪೂರ್ವಕ್ಕಿದ್ದೀರಿ. 18 ಸೆಕೆಂಡ್ ಆದರೆ ದಕ್ಷಿಣಕ್ಕೆ. ಕೋಟೆ ಕಾಣದಿದ್ದರೂ ಲೆಕ್ಕ ಸಿಕ್ಕಿತು.

ವಿಓಆರ್ ಕೇಂದ್ರವೂ ಹೀಗೆ ಎರಡು ಸಂಕೇತಗಳನ್ನು ಬಿಡುತ್ತದೆ. ಒಂದು ಎಲ್ಲ ದಿಕ್ಕಿಗೂ ಒಂದೇ ಸಮ. ಇನ್ನೊಂದು ಸೆಕೆಂಡಿಗೆ 30 ಸಲ ಸುತ್ತುವಂಥದ್ದು. ಇವೆರಡರ ನಡುವಿನ ವ್ಯತ್ಯಾಸವನ್ನು ವಿಮಾನದ ರಿಸೀವರ್ ಅಳೆದು, ಕೇಂದ್ರದಿಂದ ನೋಡಿದರೆ ವಿಮಾನ ಎಷ್ಟನೇ ಡಿಗ್ರಿಯಲ್ಲಿದೆ ಎಂದು ಹೇಳುತ್ತದೆ. ಇದು ಕೆಲಸ ಮಾಡುವುದು 108ರಿಂದ 118 ಮೆಗಾಹರ್ಟ್ಸ್ ನಡುವೆ. ನಿಮ್ಮ ಎಫ್‌ಎಂ ರೇಡಿಯೋ 88ರಿಂದ 108ರವರೆಗೆ. ಎಫ್‌ಎಂ ಮುಗಿದ ಗೋಡೆಯಾಚೆಯೇ ವಿಮಾನದ ಮನೆ ಶುರು. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಡಿಗ್ರಿ ತಪ್ಪಿದರೆ ಏನು ಮಹಾ?

ಕಲಬುರಗಿಯಿಂದ ಬಸವಕಲ್ಯಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 60 ಕಿಲೋಮೀಟರ್, ಹೆಚ್ಚುಕಡಿಮೆ ಉತ್ತರಕ್ಕೆ. ಪೈಲಟ್‌ಗಳಿಗೆ ಒಂದು ಬಾಯಿಲೆಕ್ಕ ಕಲಿಸುತ್ತಾರೆ: 60 ಕಿಲೋಮೀಟರ್ ಹಾರಿದಾಗ ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ನಮ್ಮ ದಾರಿಗೆ ಈ ಲೆಕ್ಕ ಹೇಳಿ ಮಾಡಿಸಿದಂತಿದೆ. ಹತ್ತು ಡಿಗ್ರಿ ತಪ್ಪಿದರೆ ಬಸವಕಲ್ಯಾಣ ಬರಬೇಕಾದ ಹೊತ್ತಿಗೆ ವಿಮಾನ ಹತ್ತು ಕಿಲೋಮೀಟರ್ ದೂರದಲ್ಲಿರುತ್ತದೆ.

ಇದಕ್ಕೆ ಗಾಳಿಯನ್ನೂ ಸೇರಿಸಿ. ಗಂಟೆಗೆ 200 ಕಿಲೋಮೀಟರ್ ವೇಗದ ಸಣ್ಣ ವಿಮಾನಕ್ಕೆ ಈ ದಾರಿ 18 ನಿಮಿಷದ್ದು. ಮುಂಗಾರಿನ ದಿನಗಳಲ್ಲಿ ಪಡುವಣ ಗಾಳಿ ಅಡ್ಡಲಾಗಿ ಗಂಟೆಗೆ 30 ಕಿಲೋಮೀಟರ್ ಬೀಸಿದರೆ, ಪೈಲಟ್ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆ 18 ನಿಮಿಷದಲ್ಲಿ ವಿಮಾನ ಒಂಬತ್ತು ಕಿಲೋಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಪೂರ್ವಕ್ಕೆ ಎಂದರೆ ಹುಮನಾಬಾದ್ ಕಡೆಗೆ, ಅದರಾಚೆ ಬೀದರ್ ಕಡೆಗೆ. ಅಲ್ಲಿ ಜೆಟ್‌ಗಳು ತರಬೇತಿ ನಡೆಸುತ್ತವೆ. ಅನುಮತಿ ಇಲ್ಲದೆ ಆ ಆಕಾಶಕ್ಕೆ ನುಗ್ಗುವಂತಿಲ್ಲ.

ನೆಲದ ಮಾತೂ ಇದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬಸವಕಲ್ಯಾಣ 620ರ ಆಸುಪಾಸು. ಉತ್ತರಕ್ಕೆ ಹೋದಂತೆ ನೆಲವೇ ಮೇಲೇರುತ್ತದೆ. ಮೋಡ ಕೆಳಗಿಳಿದ ದಿನ, ತಾನೆಲ್ಲಿದ್ದೇನೆ ಎಂದು ತಪ್ಪು ತಿಳಿದ ಪೈಲಟ್‌ಗೆ ಈ 170 ಮೀಟರ್ ಸಣ್ಣದಲ್ಲ.

ಸೂಜಿ ಸುಳ್ಳು ಹೇಳುವುದು ಯಾವಾಗ?

*ಸಂಕೇತವೇ ಬರದಿದ್ದಾಗ.* ವಿಓಆರ್ ಸೂಜಿ ಸರಿದಾರಿಯಲ್ಲಿದ್ದರೆ ನಡುವೆ ನಿಲ್ಲುತ್ತದೆ. ಆದರೆ ಹಲವು ಉಪಕರಣಗಳಲ್ಲಿ ಸಂಕೇತ ಕಡಿದುಹೋದರೂ ಸೂಜಿ ನಡುವೆಯೇ ಬಂದು ನಿಲ್ಲುತ್ತದೆ! ಆಗ ಪಕ್ಕದಲ್ಲಿ ಒಂದು ಚಿಕ್ಕ ಎಚ್ಚರಿಕೆಯ ಬಾವುಟ ಕಾಣಿಸಿಕೊಳ್ಳುತ್ತದೆ. ಬಾವುಟ ನೋಡದೆ ಸೂಜಿ ಮಾತ್ರ ನೋಡಿದವನು "ಎಲ್ಲ ಸರಿಯಿದೆ" ಎಂದು ನೆಮ್ಮದಿಯಿಂದ ದಾರಿ ತಪ್ಪುತ್ತಾನೆ. ಎಡಿಎಫ್‌ನದು ಇನ್ನೂ ಕಷ್ಟ. ಬಹುಪಾಲು ಎಡಿಎಫ್‌ಗಳಲ್ಲಿ ಬಾವುಟವೂ ಇಲ್ಲ. ಕೇಂದ್ರ ಬಂದ್ ಆದರೆ ಸೂಜಿ ಇದ್ದಲ್ಲೇ ಸುಮ್ಮನೆ ನಿಂತಿರುತ್ತದೆ.

*ತಪ್ಪು ಕೇಂದ್ರ ಹಿಡಿದಾಗ.* ಒಂದು ಅಂಕಿ ಆಚೀಚೆ ತಿರುಗಿಸಿದರೂ ಬೇರೆ ಊರಿನ ಕೇಂದ್ರ ಸಿಗಬಹುದು. ಸೂಜಿಗೆ ಊರಿನ ಹೆಸರು ಗೊತ್ತಿಲ್ಲ. ಸಿಕ್ಕಿದ ಕೇಂದ್ರವನ್ನೇ ಅಷ್ಟೇ ವಿಶ್ವಾಸದಿಂದ ತೋರಿಸುತ್ತದೆ.

*ಗುಡುಗು ಸಿಡಿಲಿನಲ್ಲಿ.* ಮಿಂಚು ಕೂಡ ರೇಡಿಯೋ ಅಲೆ ಎಬ್ಬಿಸುತ್ತದೆ. ಮೀಡಿಯಂ ವೇವ್ ಕೇಳುವಾಗ ಸಿಡಿಲಿಗೆ "ಕರ್ ಕರ್" ಎನ್ನುವುದು ಅದಕ್ಕೇ. ಎಡಿಎಫ್ ಸೂಜಿ ಆಗ ಕೇಂದ್ರ ಬಿಟ್ಟು ಸಿಡಿಲಿನ ಮೋಡದ ಕಡೆಗೆ ತಿರುಗಬಹುದು. ಯಾವುದರಿಂದ ದೂರ ಹೋಗಬೇಕೋ ಅದರತ್ತಲೇ ಬೆರಳು ತೋರಿಸಿದಂತೆ.

*ಕತ್ತಲಾದ ಮೇಲೆ.* ಹಗಲು ಸಿಗದ ದೂರದ ಮೀಡಿಯಂ ವೇವ್ ಕೇಂದ್ರಗಳು ರಾತ್ರಿ ಸ್ಪಷ್ಟವಾಗಿ ಕೇಳಿಸುವುದನ್ನು ನೀವು ಗಮನಿಸಿರಬಹುದು. ರಾತ್ರಿ ಮೇಲಿನ ವಾಯುಪದರದಿಂದ ಅಲೆಗಳು ಪುಟಿದು ಬರುತ್ತವೆ. ನೆಲದ ಗುಂಟ ಬಂದ ಅಲೆಗೂ ಮೇಲಿಂದ ಪುಟಿದ ಅಲೆಗೂ ತಾಕಲಾಟವಾಗಿ ಎಡಿಎಫ್ ಸೂಜಿ ಓಲಾಡುತ್ತದೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನಲ್ಲಿ ಇದು ಹೆಚ್ಚು.

*ಕೆಳಗೆ ಹಾರುವಾಗ.* ವಿಓಆರ್ ಅಲೆ ನೇರ ಗೆರೆಯಲ್ಲಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಕೇಂದ್ರದ ನೆಲಮಟ್ಟದಿಂದ 1,000 ಅಡಿ ಮೇಲಿದ್ದರೆ ಬಯಲಿನಲ್ಲಿ ಸುಮಾರು 70 ಕಿಲೋಮೀಟರ್‌ವರೆಗೆ ಸಿಗಬಹುದು, 500 ಅಡಿಗೆ ಇಳಿದರೆ 50ರ ಆಸುಪಾಸು. ನಡುವೆ ನೆಲ ಏರಿದ್ದರೆ ಇನ್ನೂ ಕಡಿಮೆ. ಕೇಂದ್ರದ ನೇರ ಮೇಲೆ ಹಾರುವಾಗಲೂ ಸ್ವಲ್ಪ ಹೊತ್ತು ಸೂಜಿ ಅತ್ತಿತ್ತ ಹೊಯ್ದಾಡುತ್ತದೆ. ಅದರ ಬೆನ್ನು ಹತ್ತಬಾರದು. ಹಿಡಿದ ದಿಕ್ಕಿನಲ್ಲೇ ಮುಂದುವರಿಯಬೇಕು.

*ಪೈಲಟ್ ತಿರುಗಿಸಲು ಮರೆತಾಗ.* ಇದು ಯಂತ್ರದ ತಪ್ಪಲ್ಲ. ಕಲಬುರಗಿಯಲ್ಲಿ ಕೇಂದ್ರವಿದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಸವಕಲ್ಯಾಣಕ್ಕೆ ಹೋಗುವಾಗ ಪೈಲಟ್ 012 ಎಂದು ದಿಕ್ಕು ಹೊಂದಿಸಿದ. ಕಿಟಕಿಯಲ್ಲಿ "ಫ್ರಮ್", ಅಂದರೆ ಕೇಂದ್ರದಿಂದ ದೂರಕ್ಕೆ ಎಂದು ಬಂತು. ಸರಿ. ವಾಪಸಾಗುವಾಗ ಅದನ್ನು 192ಕ್ಕೆ ಬದಲಿಸಬೇಕು, ಆಗ "ಟು" ಎಂದು ಬರುತ್ತದೆ. ಮರೆತರೆ ಸೂಜಿ ಕನ್ನಡಿಯೊಳಗಿನ ಬಿಂಬದಂತೆ ಉಲ್ಟಾ ಆಗುತ್ತದೆ. ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ಕರೆಯುತ್ತದೆ. ಅದನ್ನು ಹಿಂಬಾಲಿಸಿದಷ್ಟೂ ದಾರಿ ದೂರ.

ಸುರಕ್ಷಿತ ಬಳಕೆಯ ಕ್ರಮ: ಹಚ್ಚು, ಹೆಸರು ಕೇಳು, ಪರೀಕ್ಷಿಸು, ಆಮೇಲೆ ನಂಬು

ಲೋಕದ ಯಾವ ಮೂಲೆಯಲ್ಲೇ ಪೈಲಟ್ ಆಗಲಿ, ಈ ಕ್ರಮ ಕಲಿಯುತ್ತಾರೆ.

1. ಹೊರಡುವ ಮೊದಲು. ದಾರಿಯಲ್ಲಿರುವ ಕೇಂದ್ರಗಳ ಫ್ರೀಕ್ವೆನ್ಸಿ, ಗುರುತಿನ ಅಕ್ಷರ ಬರೆದಿಟ್ಟುಕೊಳ್ಳಬೇಕು. ಯಾವುದಾದರೂ ಕೇಂದ್ರ ದುರಸ್ತಿಯಲ್ಲಿದೆಯೇ ಎಂದು ಪೈಲಟ್‌ಗಳಿಗೆ ಹೊರಡಿಸುವ 'ನೋಟಾಮ್' ಸೂಚನೆಯಲ್ಲಿ ನೋಡಬೇಕು. ರಿಸೀವರ್‌ನ ನಿಖರತೆಯನ್ನೂ ನಿಯಮಿತವಾಗಿ ಪರೀಕ್ಷಿಸಿರಬೇಕು. ಅಮೆರಿಕದಲ್ಲಿ ಮೋಡದೊಳಗೆ ಉಪಕರಣ ನಂಬಿ ಹಾರುವವರು ವಿಓಆರ್ ಪರೀಕ್ಷೆಯನ್ನು ಹಿಂದಿನ 30 ದಿನಗಳೊಳಗೆ ಮಾಡಿರಬೇಕು. ನೆಲದ ಮೇಲೆ ನೋಡಿದರೆ ನಾಲ್ಕು ಡಿಗ್ರಿಗಿಂತ ಹೆಚ್ಚು, ಹಾರುತ್ತ ನೋಡಿದರೆ ಆರು ಡಿಗ್ರಿಗಿಂತ ಹೆಚ್ಚು ತಪ್ಪು ತೋರಿದರೆ ಆ ರಿಸೀವರ್ ಆ ಕೆಲಸಕ್ಕೆ ಬಾರದು.

2. ಹೆಸರು ಕೇಳುವುದು. ಪ್ರತಿ ಕೇಂದ್ರವೂ ತನ್ನ ಗುರುತನ್ನು ಮೋರ್ಸ್ ಸಂಕೇತದಲ್ಲಿ, ಚಿಕ್ಕ ದೊಡ್ಡ ಕೂಗುಗಳಲ್ಲಿ, ಮತ್ತೆ ಮತ್ತೆ ಹೇಳುತ್ತಿರುತ್ತದೆ. 'ಎ' ಎಂದರೆ "ಡಿಟ್-ಡಾ", 'ಎನ್' ಎಂದರೆ ಅದರ ತಿರುಗುಮುರುಗು "ಡಾ-ಡಿಟ್". ಅರೆಗಿವಿಯಲ್ಲಿ ಕೇಳಿದರೆ ಒಂದು ಇನ್ನೊಂದಾಗುತ್ತದೆ. ಅದಕ್ಕೇ ನಕ್ಷೆಯಲ್ಲಿ ಅಚ್ಚಾದ ಚುಕ್ಕೆ ಗೆರೆಗಳ ಜೊತೆ ತಾಳೆ ನೋಡಬೇಕು. ಇಲ್ಲಿ ಒಂದು ಮುಖ್ಯ ವಿಷಯವಿದೆ. ಕೇಂದ್ರ ದುರಸ್ತಿಯಲ್ಲಿದ್ದಾಗ ತಂತ್ರಜ್ಞರು ಈ ಗುರುತಿನ ಕೂಗನ್ನು ತೆಗೆದುಬಿಡುತ್ತಾರೆ. ಸಂಕೇತ ಬರುತ್ತಿರಬಹುದು, ಸೂಜಿ ಅಲುಗಾಡುತ್ತಿರಬಹುದು, ಆದರೆ ಹೆಸರು ಕೇಳಿಸದು. ಹೆಸರು ಹೇಳದ ಕೇಂದ್ರ ಎಷ್ಟೇ ಗಟ್ಟಿಯಾಗಿ ಬಂದರೂ ಬಳಸಬಾರದು ಎಂಬುದು ನಿಯಮ. ಎಡಿಎಫ್‌ಗೆ ಬಾವುಟ ಇಲ್ಲದ್ದರಿಂದ ಅದನ್ನು ಬಳಸುವಷ್ಟು ಹೊತ್ತೂ ಆ ಕೂಗನ್ನು ಸಣ್ಣಗೆ ಕಿವಿಯಲ್ಲಿ ಇಟ್ಟುಕೊಂಡಿರಬೇಕು. ಆಕಾಶವಾಣಿಯಂಥ ಕೇಂದ್ರವನ್ನು ನೆಚ್ಚುವುದು ಏಕೆ ಸರಿಯಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ: ಹಾಡು ಬರುತ್ತಿರುವಾಗ ಅದು ಯಾವ ಊರಿನದೆಂದು ಉದ್ಘೋಷಕರು ಹೇಳುವ ತನಕ ಗೊತ್ತಾಗದು.

3. ಬಾವುಟ, "ಟು" ಅಥವಾ "ಫ್ರಮ್" ನೋಡುವುದು. ಹೊಂದಿಸಿದ ಅಂಕಿಗೂ ವಿಮಾನದ ಮೂತಿ ಇರುವ ದಿಕ್ಕಿಗೂ ಹೆಚ್ಚುಕಡಿಮೆ ಹೊಂದಾಣಿಕೆ ಇರಬೇಕು. ಇಲ್ಲದಿದ್ದರೆ ಉಲ್ಟಾ ಸೂಜಿಯ ಗಂಡಾಂತರ.

4. ಸೂಜಿಗೆ ಮಾಹಿತಿ ಎಲ್ಲಿಂದ? ಇಂದಿನ ಹಲವು ವಿಮಾನಗಳಲ್ಲಿ ಒಂದೇ ಸೂಜಿಗೆ ಜಿಪಿಎಸ್‌ನಿಂದಲೂ ವಿಓಆರ್‌ನಿಂದಲೂ ಮಾಹಿತಿ ಕೊಡಬಹುದು. ಒಂದು ಗುಂಡಿ ಒತ್ತಿದರೆ ಬದಲಾಗುತ್ತದೆ. ವಿಓಆರ್ ನೋಡುತ್ತಿದ್ದೇನೆ ಎಂದುಕೊಂಡು ಜಿಪಿಎಸ್ ಸೂಜಿಯನ್ನು ಹಿಂಬಾಲಿಸುವುದು, ಅಥವಾ ಅದರ ಉಲ್ಟಾ, ಕಲಿಯುವವರು ಮಾಡುವ ಸಾಮಾನ್ಯ ತಪ್ಪು.

5. ಎರಡನೇ ಸಾಕ್ಷಿ. ಇನ್ನೊಂದು ಕೇಂದ್ರ, ಗಡಿಯಾರ, ದಿಕ್ಸೂಚಿ, ಎಲ್ಲಕ್ಕಿಂತ ಮೇಲಾಗಿ ಕಿಟಕಿ. ನಮ್ಮ ಭಾಗದಲ್ಲಿ ಮೇಲಿನಿಂದ ಗುರುತಿಗೆ ಕೊರತೆ ಇಲ್ಲ: ಹುಮನಾಬಾದ್‌ನಲ್ಲಿ ಒಂದನ್ನೊಂದು ಸೇರುವ 65 ಮತ್ತು 50ನೇ ರಾಷ್ಟ್ರೀಯ ಹೆದ್ದಾರಿಗಳು, 2017ರಲ್ಲಿ ಶುರುವಾದ ಬೀದರ್-ಕಲಬುರಗಿ ರೈಲು ಹಳಿ, ಕಾರಂಜಾ ಜಲಾಶಯ, ಬಸವಕಲ್ಯಾಣದ ಕೋಟೆ, 108 ಅಡಿಯ ಬಸವಣ್ಣನ ಪ್ರತಿಮೆ. "18 ನಿಮಿಷವಾಯಿತು, ಹೆದ್ದಾರಿ ಇನ್ನೂ ದಾಟಿಲ್ಲ" ಎಂದರೆ ಸೂಜಿ ಏನೇ ಹೇಳಲಿ, ಎಲ್ಲೋ ತಪ್ಪಿದೆ.

6. ತಲೆ ಒಳಗೆ ಹುದುಗಿಸಬಾರದು. ಒಂದೇ ಕೇಂದ್ರದ ಕಡೆಗೆ ಹಲವು ವಿಮಾನಗಳು ಬರುವುದರಿಂದ ಕೇಂದ್ರದ ಮೇಲಿನ ಆಕಾಶದಲ್ಲಿ ಡಿಕ್ಕಿಯ ಅಪಾಯ ಹೆಚ್ಚು. ಗುಂಡಿ ತಿರುಗಿಸುತ್ತ ಕೂರದೆ ಹೊರಗೆ ನೋಡುತ್ತಿರಬೇಕು. ಸಾಧ್ಯವಿದ್ದಷ್ಟೂ ಗುಂಡಿಯ ಕೆಲಸ ನೆಲದ ಮೇಲೆಯೇ ಮುಗಿಸಿಕೊಳ್ಳಬೇಕು.

ಹೋಮಿ ಭಾಭಾ ಇದ್ದ ವಿಮಾನ ಮತ್ತು ಕೆಟ್ಟ ರಿಸೀವರ್

ಭಾರತದ ಅಣು ಯೋಜನೆಯ ಹರಿಕಾರ ಹೋಮಿ ಭಾಭಾ ಅವರ ಸಾವಿನ ಬಗ್ಗೆ ಬಾಂಬು, ವಿದೇಶಿ ಗೂಢಚಾರರು ಎಂಬ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಭಾಭಾ 1966ರ ಜನವರಿ 24ರಂದು ಏರ್ ಇಂಡಿಯಾದ 'ಕಾಂಚನಜುಂಗಾ' ಎಂಬ ಬೋಯಿಂಗ್ 707ರಲ್ಲಿದ್ದರು. ಮುಂಬೈನಿಂದ ದೆಹಲಿ, ಬೈರೂತ್ ದಾಟಿ ಜಿನೀವಾಕ್ಕೆ ಇಳಿಯಬೇಕಿದ್ದ ಆ ವಿಮಾನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ, ತುದಿಗೆ ಸ್ವಲ್ಪ ಕೆಳಗೆ ಬಡಿಯಿತು. 117 ಮಂದಿಯೂ ಸತ್ತರು.

ಫ್ರಾನ್ಸ್‌ನ ತನಿಖಾ ಆಯೋಗದ ತೀರ್ಮಾನದಲ್ಲಿ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ ಸಂಗತಿ ಇದೆ. ಬೈರೂತ್ ಬಿಡುವಾಗಲೇ ವಿಮಾನದ ವಿಓಆರ್ ರಿಸೀವರ್‌ಗಳಲ್ಲಿ ಒಂದು ಕೆಟ್ಟಿತ್ತು, ಅದು ಕ್ಯಾಪ್ಟನ್‌ಗೆ ಗೊತ್ತಿತ್ತು. ಮಾಂಟ್ ಬ್ಲಾಂಕ್‌ಗೆ ಹೋಲಿಸಿ ತಾನೆಲ್ಲಿದ್ದೇನೆ ಎಂಬ ಅವರ ಲೆಕ್ಕ ತಪ್ಪಿತು. ನೆಲದ ಮೇಲಿದ್ದ ರೇಡಾರ್ ನಿಯಂತ್ರಕರು ವಿಮಾನದ ಸರಿಯಾದ ಜಾಗ ಕಂಡು ಸೂಚನೆ ಕೊಟ್ಟರು. ಆದರೆ ಆ ಮಾತು ಸಾಕಷ್ಟು ಸ್ಪಷ್ಟವಾಗಿರಲಿಲ್ಲ. ಶಿಖರ ಆಗಲೇ ದಾಟಿತು ಎಂದು ತಿಳಿದ ಪೈಲಟ್ ಇಳಿಯುವುದನ್ನು ಮುಂದುವರಿಸಿದರು.

ಎರಡು ಸಾಕ್ಷಿ ಇರಬೇಕಾದ ಕಡೆ ಒಂದೇ ಉಳಿದಿತ್ತು. ಮೂರನೆಯ ಸಾಕ್ಷಿಯ ಮಾತು ಅರ್ಧ ಕೇಳಿಸಿದಂತಾಯಿತು. ಅನುಭವಿ ಸಿಬ್ಬಂದಿ, ನಾಲ್ಕು ಎಂಜಿನ್, ಕೆಳಗೆ ರೇಡಾರ್ ಇದ್ದ ವಿಮಾನಕ್ಕೇ ಹೀಗಾದರೆ, ಒಬ್ಬಂಟಿ ಪೈಲಟ್ ಇರುವ ಸಣ್ಣ ವಿಮಾನದಲ್ಲಿ ಒಂದು ರಿಸೀವರ್ ಕೆಟ್ಟದ್ದನ್ನು "ಇರಲಿ ಬಿಡು" ಎನ್ನುವಂತಿಲ್ಲ. ನಮಗೆ ಇನ್ನೂ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಜುನ್ನರ್ ಬಳಿಯದು. 1962ರ ಜುಲೈ 7ರಂದು ರಾತ್ರಿ ಮುಂಬೈಗೆ ಬರುತ್ತಿದ್ದ ಅಲಿಟಾಲಿಯಾ ವಿಮಾನದ ಪೈಲಟ್, ಊರು ಇನ್ನೂ ದೂರವಿರುವಾಗಲೇ ಹತ್ತಿರ ಬಂದೆ ಎಂದು ಭಾವಿಸಿ ಇಳಿಯತೊಡಗಿದರು. ವಿಮಾನ ಬೆಟ್ಟಕ್ಕೆ ಬಡಿದು 94 ಮಂದಿ ಸತ್ತರು.

ಬರೀ ಕೇಳುವ ರೇಡಿಯೋದಿಂದ ತೊಂದರೆ ಹೇಗೆ?

"ಮೊಬೈಲ್ ಅಲೆ ಕಳಿಸುತ್ತದೆ, ಸರಿ. ಎಫ್‌ಎಂ ರೇಡಿಯೋ ಬರೀ ಕೇಳುತ್ತದಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ರೇಡಿಯೋದ ಒಳಗಿದೆ. ಹಳೆಯ ಪಾಕೆಟ್ ರೇಡಿಯೋಗಳು ಕೇಂದ್ರವನ್ನು ಹಿಡಿಯಲು ತಮ್ಮೊಳಗೇ ಒಂದು ಸಣ್ಣ ಅಲೆಯನ್ನು ಹುಟ್ಟಿಸುತ್ತವೆ. ಸಾಮಾನ್ಯವಾಗಿ ಅದು ನೀವು ಕೇಳುವ ಕೇಂದ್ರಕ್ಕಿಂತ 10.7 ಮೆಗಾಹರ್ಟ್ಸ್ ಮೇಲಿರುತ್ತದೆ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3ರಲ್ಲಿದೆ. ಅದನ್ನು ಹಿಡಿದ ರೇಡಿಯೋದ ಒಳಗಿನ ಅಲೆ 112.0. ಮೇಲೆ ಹೇಳಿದ ಸಂಖ್ಯೆ ನೆನಪಿದೆಯೇ? 108ರಿಂದ 118 ವಿಓಆರ್‌ನ ಜಾಗ. ದೂರದ ಕೇಂದ್ರದಿಂದ ವಿಮಾನಕ್ಕೆ ತಲುಪುವ ಸಂಕೇತ ಬಹಳ ದುರ್ಬಲ. ಪಕ್ಕದ ಸೀಟಿನಲ್ಲಿರುವ ರೇಡಿಯೋದಿಂದ ಸೋರುವ ಅಲೆ ಅದಕ್ಕೆ ಅಡ್ಡ ಬರಬಲ್ಲದು. ವಿಮಾನದಲ್ಲಿ ಎಫ್‌ಎಂ ರೇಡಿಯೋ ಬೇಡ ಎಂದಿದ್ದು ಇದಕ್ಕೇ.

ಮೊಬೈಲ್‌ನಿಂದ ವಿಮಾನ ಬಿದ್ದೇಬಿಡುತ್ತದೆ ಎಂಬುದು ಉತ್ಪ್ರೇಕ್ಷೆ. ಸಣ್ಣ ವಿಮಾನದಲ್ಲಿ ಅದರ ತೊಂದರೆ ಬೇರೆ ರೀತಿಯದು. ಕರೆ ಬರುವ ಮುನ್ನ ಹಳೆಯ ಟಿವಿ, ಸ್ಪೀಕರ್‌ಗಳಲ್ಲಿ ಕೇಳುತ್ತಿದ್ದ "ಗಿರಿಗಿರಿ" ಸದ್ದು ಪೈಲಟ್‌ನ ಹೆಡ್‌ಸೆಟ್‌ಗೂ ನುಗ್ಗಬಹುದು. ಆಗ ಕೇಂದ್ರದ ಹೆಸರೋ ನಿಯಂತ್ರಕರ ಮಾತೋ ಕೇಳದೆ ಹೋಗುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಅಯಸ್ಕಾಂತವಿದೆ. ದಿಕ್ಸೂಚಿಯ ಪಕ್ಕ ಇಟ್ಟರೆ ದಿಕ್ಕೇ ತಪ್ಪುತ್ತದೆ. ಪೈಲಟ್ ಜೊತೆ ಸಣ್ಣ ವಿಮಾನದಲ್ಲಿ ಕೂರುವ ಅವಕಾಶ ಸಿಕ್ಕರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮುಂದಿನ ಫಲಕದ ಮೇಲೆ ಇಡಬೇಡಿ.

ಜಿಪಿಎಸ್ ಇದೆಯಲ್ಲ?

ಇದೆ, ಒಳ್ಳೆಯದೇ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ 'ಗಗನ್' ವ್ಯವಸ್ಥೆ ಜಿಪಿಎಸ್ ನಿಖರತೆಯನ್ನು ಇನ್ನೂ ಹೆಚ್ಚಿಸುತ್ತದೆ. ಆದರೆ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ಸಂಕೇತ ನೆಲ ಮುಟ್ಟುವಾಗ ಎಷ್ಟು ಕ್ಷೀಣವೆಂದರೆ ಸಣ್ಣ ಯಂತ್ರವೊಂದು ಅದನ್ನು ಮುಚ್ಚಿಹಾಕಬಲ್ಲದು. ಇನ್ನೂ ಕೆಟ್ಟದ್ದೆಂದರೆ ನಕಲಿ ಸಂಕೇತ ಕಳಿಸಿ ಬೇರೆ ಜಾಗದಲ್ಲಿದ್ದೀರಿ ಎಂದು ನಂಬಿಸಬಹುದು. ಇದನ್ನು ಸ್ಪೂಫಿಂಗ್ ಎನ್ನುತ್ತಾರೆ. 2023ರ ನವೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಬಗ್ಗೆ ವಿಮಾನ ಸಂಸ್ಥೆಗಳಿಗೆ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತು. 2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೆಹಲಿಯಲ್ಲಿ ಇಂಥ ಘಟನೆ ನಡೆದದ್ದನ್ನು ಸಂಸತ್ತಿಗೆ ತಿಳಿಸಿತು. ಬೆಂಗಳೂರು, ಹೈದರಾಬಾದ್‌ಗಳ ಹೆಸರೂ ಆ ಉತ್ತರದಲ್ಲಿತ್ತು. ಇಂಥ ಹೊತ್ತಿಗೆಂದೇ ನೆಲದ ರೇಡಿಯೋ ಕೇಂದ್ರಗಳನ್ನು ಪೂರ್ತಿ ಮುಚ್ಚಿಲ್ಲ. ಅಮೆರಿಕ ಕೂಡ ವಿಓಆರ್‌ಗಳ ಸಂಖ್ಯೆ ಇಳಿಸುತ್ತಿದ್ದರೂ, ಜಿಪಿಎಸ್ ಹೋದಾಗ ವಿಮಾನಗಳು ಇಳಿಯಲು ಬೇಕಾದಷ್ಟನ್ನು ಉಳಿಸಿಕೊಳ್ಳುತ್ತಿದೆ.

ಮೊಬೈಲ್ ಮ್ಯಾಪ್‌ನ ಕತೆ ಬೇರೆ. ಅದು ರಸ್ತೆಗಾಗಿ ಮಾಡಿದ್ದು. ಬೀದರ್‌ನ ವಾಯುಪಡೆ ಆಕಾಶದ ಗಡಿ ಅದಕ್ಕೆ ಗೊತ್ತಿಲ್ಲ, ಮೊಬೈಲ್ ಟವರ್ ಎಷ್ಟೆತ್ತರ ಎಂದೂ ಗೊತ್ತಿಲ್ಲ. ಬಿಸಿಲಿಗೆ ಫೋನ್ ಕಾದರೆ ಪರದೆಯೇ ಆರಿಹೋಗುತ್ತದೆ. ಮೂರನೇ ಸಾಕ್ಷಿಯಾಗಿ ಇರಲಿ, ಮೊದಲನೆಯದಾಗಿ ಬೇಡ.

ನಿಜಕ್ಕೂ ದಾರಿ ತಪ್ಪಿದರೆ?

ಕಲಿಯುವವರು ಮಾಡುವ ದೊಡ್ಡ ತಪ್ಪು ನಾಚಿಕೆಯಿಂದ ಸುಮ್ಮನಿರುವುದು. ಪಾಠ ಹೇಳುವುದು ಹೀಗೆ: ಮೊದಲು ಮೇಲೇರಿ. ಎತ್ತರದಲ್ಲಿ ನೆಲದ ಭಯ ಕಡಿಮೆ, ರೇಡಿಯೋ ಹೆಚ್ಚು ದೂರ ಸಿಗುತ್ತದೆ, ಕಣ್ಣಿಗೂ ಹೆಚ್ಚು ಕಾಣುತ್ತದೆ. ಆಮೇಲೆ ನಿಯಂತ್ರಕರನ್ನು ಕರೆಯಿರಿ, "ಎಲ್ಲಿದ್ದೇನೆ ಎಂದು ತಿಳಿಯುತ್ತಿಲ್ಲ" ಎಂದು ನೇರವಾಗಿ ಹೇಳಿ, ಅವರು ಹೇಳಿದಂತೆ ಮಾಡಿ. ಮಾಮೂಲಿ ಫ್ರೀಕ್ವೆನ್ಸಿಯಲ್ಲಿ ಯಾರೂ ಸಿಗದಿದ್ದರೆ 121.5 ಮೆಗಾಹರ್ಟ್ಸ್ ಇದೆ. ಲೋಕದೆಲ್ಲೆಡೆ ಅದು ತುರ್ತಿನದು. ಟ್ರಾನ್ಸ್‌ಪಾಂಡರ್‌ನಲ್ಲಿ 7700 ಒತ್ತಿದರೆ ರೇಡಾರ್ ಪರದೆಯಲ್ಲಿ ಈ ವಿಮಾನ ಕಷ್ಟದಲ್ಲಿದೆ ಎಂದು ಎದ್ದು ಕಾಣುತ್ತದೆ.

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ ಸುಮಾರು 555 ಕಿಲೋಮೀಟರ್‌ನ, ಅಂದರೆ 300 ನಾಟಿಕಲ್ ಮೈಲಿಯ, ಒಂದು ದೂರಪ್ರಯಾಣವೂ ಸೇರಿದೆ. ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ಮನೆಯ ಮಗನೋ ಮಗಳೋ ಹೀಗೆ ಕಲಿಯುತ್ತಿದ್ದರೆ ಕೇಳಿ ನೋಡಿ: "ಸೂಜಿ ನಂಬುವ ಮೊದಲು ಕೇಂದ್ರದ ಹೆಸರು ಕೇಳುತ್ತೀಯಾ?" ಥಟ್ಟನೆ ಹೌದು ಎಂದರೆ ಒಳ್ಳೆಯ ಗುರು ಸಿಕ್ಕಿದ್ದಾರೆ.

ಮುಂದಿನ ಫಾರ್ವರ್ಡ್ ಬಂದಾಗ

- "ಜಿಪಿಎಸ್ ಇದ್ದರೆ ರೇಡಿಯೋ ರಿಸೀವರ್ ಬೇಡ": ತಪ್ಪು. ಒಂದು ಕೆಟ್ಟಾಗ ಇನ್ನೊಂದು ಬೇಕು.
- "ಸೂಜಿ ನಡುವೆ ಇದ್ದರೆ ದಾರಿ ಸರಿ": ಗುರುತಿನ ಕೂಗು ಕೇಳಿಸಿ, ಬಾವುಟ ಇಲ್ಲದಿದ್ದರೆ ಮಾತ್ರ.
- "ಎಫ್‌ಎಂ ರೇಡಿಯೋ ವಿಮಾನಕ್ಕೆ ಏನೂ ಮಾಡದು": ತಪ್ಪು. ಒಳಗಿನ ಅಲೆ ವಿಓಆರ್‌ನ ಜಾಗಕ್ಕೇ ಬೀಳಬಹುದು.
- "ಮೊಬೈಲ್ ಆನ್ ಇದ್ದರೆ ವಿಮಾನ ಬೀಳುತ್ತದೆ": ಉತ್ಪ್ರೇಕ್ಷೆ. ಆದರೂ ಏರೋಪ್ಲೇನ್ ಮೋಡ್‌ಗೆ ಹಾಕಿ.
- "ಭಾಭಾ ವಿಮಾನಕ್ಕೆ ಬಾಂಬು": ತನಿಖಾ ಆಯೋಗ ಹೇಳಿದ್ದು ಕೆಟ್ಟ ರಿಸೀವರ್, ತಪ್ಪಿದ ಲೆಕ್ಕ, ಅಸ್ಪಷ್ಟ ಮಾತು.

ಯಾರು ಕಳಿಸಿದ್ದು ಎಂದು ಗೊತ್ತಾಗದ ಸಂಕೇತವನ್ನು ಪೈಲಟ್ ಬಳಸುವುದಿಲ್ಲ. ಯಾರು ಬರೆದದ್ದು ಎಂದು ಗೊತ್ತಾಗದ ಸಂದೇಶವನ್ನು ಊರಿನ ಗುಂಪಿಗೆ ಕಳಿಸುವ ಮೊದಲು ನಾವೂ ಅಷ್ಟು ಮಾಡಬಹುದು.